ರೇಸ್ ಬಾಜಿ: ಒಂದು ಸಲಕ್ಕೆ ಎಷ್ಟು ಕಟ್ಟಬೇಕು, ಲೆಕ್ಕ ಹೇಗೆ ಬರೆಯಬೇಕು?

ಭಾನುವಾರದ ಪಂಟರ್
ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಬೆಂಗಳೂರು ರೇಸ್ ಕೋರ್ಸ್‌ಗೆ ಹೋಗುತ್ತಿದ್ದೇನೆ. ದೊಡ್ಡ ಕುಳ ಅಲ್ಲ. ಬುಕ್ಕಿ (ಕೋರ್ಸ್‌ನಲ್ಲೇ ರೇಟ್ ಹೇಳಿ ಬಾಜಿ ತಗೊಳ್ಳುವವರು) ಹತ್ತಿರ ಬರೀ ವಿನ್ ಕಟ್ಟುತ್ತೇನೆ, ಅಂದರೆ ಕುದುರೆ ಮೊದಲು ಬಂದರೆ ಮಾತ್ರ ದುಡ್ಡು. ಟೋಟ್ (ಎಲ್ಲರ ದುಡ್ಡು ಒಟ್ಟು ಸೇರಿಸಿ ಗೆದ್ದವರಿಗೆ ಹಂಚುವ ಕೌಂಟರ್) ಕಡೆ ಹೋಗುವುದು ಅಪರೂಪ. "ವರ್ಷಕ್ಕೆ ಎಷ್ಟು ಹೋಗುತ್ತೆ ರೀ?" ಅಂತ ಮನೆಯಲ್ಲಿ ಕೇಳಿದಾಗಲೆಲ್ಲ "ಹೆಚ್ಚುಕಮ್ಮಿ ಸಮ" ಅನ್ನುತ್ತಿದ್ದೆ. ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಲೂ ಹಾಗೇ ಅಂದುಕೊಂಡಿದ್ದೆ.

ಈ ಚಳಿಗಾಲದ ಸೀಸನ್‌ನಲ್ಲಿ ಮೊದಲ ಸಲ ಬರೆದಿಟ್ಟೆ. ರೇಸ್ ಪುಸ್ತಕದ ಅಂಚಿನಲ್ಲೇ, ಪೆನ್ಸಿಲ್‌ನಲ್ಲಿ. 11 ದಿನ, 64 ಬಾಜಿ. ಟಿಕೆಟ್ ಮೇಲಿನ ತೆರಿಗೆ ಸೇರಿ ಕೈಯಿಂದ ಹೋದದ್ದು 31,400. ವಾಪಸ್ ಬಂದದ್ದು 25,100. ಅಂದರೆ 6,300 ಖೋತಾ. ನಂಬಿಕೆ ಬರಲಿಲ್ಲ. ಮತ್ತೆ ಕೂಡಿಸಿದೆ. ಅಷ್ಟೇ ಬಂತು.

ನನ್ನ ಟಿಕೆಟ್ 200ರಿಂದ 1,500ರವರೆಗೆ ಏರುಪೇರು ಇರುತ್ತದೆ. ಎಷ್ಟು ಕಟ್ಟಬೇಕು ಅನ್ನುವುದಕ್ಕೆ ನನ್ನ ಹತ್ತಿರ ಯಾವ ಅಳತೆಯೂ ಇಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ? ಏನೇನು ಬರೆಯುತ್ತೀರಿ? ಗೇಟ್ ಟಿಕೆಟ್, ಪೆಟ್ರೋಲ್ ಇದರಲ್ಲಿ ಸೇರಿಸಬೇಕಾ?

ಬಿಸಿಬೇಳೆ
ಬರೆದಿಟ್ಟಿದ್ದೇ ದೊಡ್ಡ ಕೆಲಸ ಸರ್. ನೂರಕ್ಕೆ ತೊಂಬತ್ತು ಜನ ಅದನ್ನೂ ಮಾಡುವುದಿಲ್ಲ.

ಹಳೇ ರೇಸ್ ಪುಸ್ತಕ
ನಾನು ಹೋಗಲು ಶುರು ಮಾಡಿ ನಲವತ್ತು ವರ್ಷ ಆಯಿತು. ಪುಸ್ತಕ ಬರೆದವನಲ್ಲ. ನನ್ನದು ಎರಡು ಜೇಬಿನ ಲೆಕ್ಕ. ಮನೆಯಿಂದ ಹೊರಡುವಾಗ ಶರ್ಟಿನ ಜೇಬಿಗೆ ಆ ದಿನದ ದುಡ್ಡು. ಗೆದ್ದದ್ದು ಪ್ಯಾಂಟಿನ ಜೇಬಿಗೆ. ಪ್ಯಾಂಟಿನ ಜೇಬಿಂದ ಶರ್ಟಿಗೆ ಒಂದು ನೋಟೂ ಬರಬಾರದು. ಶರ್ಟು ಖಾಲಿ ಆಯಿತೋ, ಉಳಿದ ರೇಸ್ ಸುಮ್ನೆ ನೋಡುವುದು. ಕುದುರೆ ಓಡುವುದನ್ನು ನೋಡಲು ದುಡ್ಡು ಬೇಕಿಲ್ಲ. ಮಕ್ಕಳನ್ನು ಓದಿಸಿದೆ, ಮನೆ ಕಟ್ಟಿದೆ, ರೇಸೂ ಬಿಡಲಿಲ್ಲ. ಈ ಎರಡು ಜೇಬೇ ಕಾರಣ.

ಲೆಕ್ಕದ ಮೇಷ್ಟ್ರು
ಹಿರಿಯರ ಎರಡು ಜೇಬು ಒಳ್ಳೆಯ ಕಟ್ಟುಪಾಡು. ಅದು ನಷ್ಟಕ್ಕೆ ಒಂದು ಮಿತಿ ಹಾಕುತ್ತದೆ. ಆದರೆ ಅದು ಲೆಕ್ಕ ಅಲ್ಲ. ದಿನದ ಕೊನೆಗೆ ಎಷ್ಟು ಉಳಿಯಿತು ಅಂತ ಗೊತ್ತಾಗುತ್ತದೆ, ಯಾವ ಬಾಜಿಯಲ್ಲಿ ಹೋಯಿತು, ಯಾಕೆ ಹೋಯಿತು ಅಂತ ಗೊತ್ತಾಗುವುದಿಲ್ಲ.

ಪಂಟರ್ ಸರ್, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪುಸ್ತಕದಲ್ಲೇ ಇದೆ ಅನ್ನಿಸುತ್ತದೆ. ಒಂದು ಸಹಾಯ ಮಾಡಿ. 64 ಬಾಜಿಯನ್ನು ಎರಡು ಭಾಗ ಮಾಡಿ. ದಿನದ ಕೊನೆಯ ಎರಡು ರೇಸ್ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಪ್ರತಿ ಭಾಗಕ್ಕೂ ಕಟ್ಟಿದ್ದು, ಬಂದದ್ದು ಕೂಡಿಸಿ ಇಲ್ಲಿ ಹಾಕಿ. ಆಮೇಲೆ ಮಾತಾಡೋಣ.

ಕೋರಮಂಗಲ ಕೋಡರ್
ಅಳತೆ ಬೇಕು ಅಂದರೆ ಕೆಲ್ಲಿ ಸೂತ್ರ ಇದೆ ಸರ್. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಜಾನ್ ಕೆಲ್ಲಿ 1956ರಲ್ಲಿ ಬರೆದದ್ದು. ಅವರು ಬರೆದದ್ದು ತಂತಿಯಲ್ಲಿ ಸುದ್ದಿ ಕಳಿಸುವ ವಿಷಯದ ಬಗ್ಗೆ, ಉದಾಹರಣೆಗೆ ಹಿಡಿದದ್ದು ಬಾಜಿ. ಆಮೇಲೆ ಎಡ್ವರ್ಡ್ ಥಾರ್ಪ್ ಅದನ್ನು ಇಸ್ಪೀಟು ಆಟಕ್ಕೂ ಷೇರು ಮಾರುಕಟ್ಟೆಗೂ ತಂದರು.

ಸುಲಭವಾಗಿ ಹೇಳುತ್ತೇನೆ. ಒಂದು ಕುದುರೆಗೆ 3/1 ಆಡ್ಸ್ ಇದೆ, ಅಂದರೆ ಗೆದ್ದರೆ ಕಟ್ಟಿದ ಒಂದು ರೂಪಾಯಿಗೆ ಮೂರು ರೂಪಾಯಿ ಲಾಭ. ಅದು ಗೆಲ್ಲುವ ಚಾನ್ಸ್ 30% ಅಂತ ನಿಮಗೆ ಅನ್ನಿಸುತ್ತದೆ. 0.30 ಸಲ 3, ಅಂದರೆ 0.90. ಅದರಿಂದ ಸೋಲುವ ಚಾನ್ಸ್ 0.70 ಕಳೆಯಿರಿ, 0.20 ಉಳಿಯಿತು. ಅದನ್ನು ಮತ್ತೆ ಆಡ್ಸ್ 3ರಿಂದ ಭಾಗಿಸಿ. ಸುಮಾರು 6.7%. ನಿಮ್ಮ ರೇಸ್ ದುಡ್ಡು ಒಟ್ಟು 20,000 ಇದ್ದರೆ ಈ ಕುದುರೆಗೆ 1,330ರಷ್ಟು ಕಟ್ಟಬಹುದು. ಭರವಸೆ ಜಾಸ್ತಿ ಇದ್ದಲ್ಲಿ ಜಾಸ್ತಿ, ಕಮ್ಮಿ ಇದ್ದಲ್ಲಿ ಕಮ್ಮಿ. ಸೂತ್ರವೇ ಹೇಳುತ್ತದೆ.

ಹಳೇ ರೇಸ್ ಪುಸ್ತಕ
ಆ 30% ಎಲ್ಲಿಂದ ತಂದೆ ಮಗಾ?

ಕೋರಮಂಗಲ ಕೋಡರ್
ಹಿಂದಿನ ಓಟದ ಟೈಮಿಂಗ್, ತೂಕ, ಜಾಕಿ, ಟ್ರೈನರ್, ಯಾವ ಡ್ರಾ (ಓಟ ಶುರುವಾಗುವ ಗೇಟಿನಲ್ಲಿ ನಿಲ್ಲುವ ಜಾಗ) ಬಿದ್ದಿದೆ, ಎಲ್ಲ ಸೇರಿಸಿ ನಾನೇ ಒಂದು ಪ್ರೋಗ್ರಾಮ್ ಮಾಡಿಕೊಂಡಿದ್ದೇನೆ ಸರ್. ಪೂರ್ತಿ ನಿಖರ ಅಂತ ಹೇಳುವುದಿಲ್ಲ.

ಎರಡನೇ ಗೇಟ್
ಸೋತರೆ ಮುಂದಿನ ರೇಸ್‌ಗೆ ಡಬಲ್ ಕಟ್ಟಿ. ಯಾವಾಗಲಾದರೂ ಒಂದು ಫೇವರಿಟ್ (ಗೆಲ್ಲುತ್ತೆ ಅಂತ ಹೆಚ್ಚು ಜನ ನಂಬಿದ ಕುದುರೆ) ಬಂದೇ ಬರುತ್ತದೆ. ಎಲ್ಲ ಒಂದೇ ಏಟಿಗೆ ವಾಪಸ್. ನನ್ನ ಸ್ನೇಹಿತ ಹೀಗೇ ಮಾಡುತ್ತಾನೆ.

ಲೆಕ್ಕದ ಮೇಷ್ಟ್ರು
ದಯವಿಟ್ಟು ಯಾರೂ ಇದನ್ನು ಮಾಡಬೇಡಿ. 100 ರೂಪಾಯಿಯಿಂದ ಶುರು ಮಾಡಿ ಎಂಟು ಸಲ ಸತತ ಸೋತರೆ ಹೋದದ್ದು 25,500. ಒಂಬತ್ತನೇ ಸಲ ಕಟ್ಟಬೇಕಾದ್ದು 25,600. ಅದೂ ಸಮ ಆಡ್ಸ್ (ಕಟ್ಟಿದಷ್ಟೇ ಲಾಭ) ಆದರೆ, ತೆರಿಗೆ ಬಿಟ್ಟು, ಬರೀ 100 ರೂಪಾಯಿಯ ಲಾಭಕ್ಕೆ.

"ಎಂಟು ಸಲ ಯಾರು ಸೋಲುತ್ತಾರೆ" ಅಂತ ಕೇಳಬಹುದು. ನಾಲ್ಕಕ್ಕೆ ಒಂದು ಗೆಲ್ಲುವ ಒಳ್ಳೆಯ ಪಂಟರ್ ಅಂತಲೇ ಇಟ್ಟುಕೊಳ್ಳಿ. ಅವನಿಗೂ ಸತತ ಎಂಟು ಬಾಜಿ ಸೋಲುವ ಸಾಧ್ಯತೆ 10%. ಹತ್ತು ಸೋಲುವುದು 5.6%. ಒಂದು ಸೀಸನ್‌ನಲ್ಲಿ ಇದು ಬಂದೇ ಬರುವ ಅತಿಥಿ.

ಎರಡನೇ ಗೇಟ್
ಸ್ನೇಹಿತ ಇನ್ನೂ ನಿಂತಿದ್ದಾನಲ್ಲ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು
ಅವರ ಪುಸ್ತಕ ಕೇಳಿ ನೋಡಿ. ಇರುವುದಿಲ್ಲ.

ಭಾನುವಾರದ ಪಂಟರ್
ಮೇಷ್ಟ್ರೇ, ನೀವು ಹೇಳಿದ ಹಾಗೆ ಭಾಗ ಮಾಡಿದೆ.

ಕೊನೆಯ ಎರಡು ರೇಸ್: 21 ಬಾಜಿ. ಕಟ್ಟಿದ್ದು 13,800. ಬಂದದ್ದು 5,900.
ಉಳಿದವು: 43 ಬಾಜಿ. ಕಟ್ಟಿದ್ದು 17,600. ಬಂದದ್ದು 19,200.

ನೋಡಿ ಕೈ ನಡುಗಿತು. ನಷ್ಟವೆಲ್ಲ ಕೊನೆಯ ಎರಡು ರೇಸ್‌ನಲ್ಲೇ ಇದೆ. ಮೊದಲಿನ ರೇಸ್‌ಗಳಲ್ಲಿ ಸರಾಸರಿ 409 ಹಾಕಿದ್ದೇನೆ, ಕೊನೆಯಲ್ಲಿ 657.

ಇನ್ನೊಂದು ಗಮನಿಸಿದೆ. ಪುಸ್ತಕದಲ್ಲಿ ಮೊದಲ ರೇಸ್‌ಗಳ ಪಕ್ಕ ಸಣ್ಣ ಅಕ್ಷರದಲ್ಲಿ ನೀಟಾಗಿ ಬರೆದಿದ್ದೇನೆ. ಕುದುರೆ ನಂಬರ್, ರೇಟ್, ಯಾಕೆ ಕಟ್ಟಿದೆ ಅಂತ ಒಂದು ಮಾತು. ಐದನೇ ರೇಸ್ ಹೊತ್ತಿಗೆ ಪೆನ್ಸಿಲ್ ಒತ್ತಿ ಬರೆದು ಅಕ್ಷರ ದಪ್ಪ ಆಗಿದೆ. ಕೊನೆಯ ರೇಸ್ ಪಕ್ಕ ಎಷ್ಟೋ ಕಡೆ ಬರೀ ಮೊತ್ತ ಇದೆ. ಕುದುರೆಯ ನಂಬರ್ ಕೂಡ ಇಲ್ಲ.

ತುಮಕೂರು ಅಕ್ಕ
ಈ ಕೊನೆಯ ಸಾಲು ಓದಿ ಕಣ್ಣು ತುಂಬಿ ಬಂತು. ಆಮೇಲೆ ಬರೆಯುತ್ತೇನೆ.

ಹಳೇ ರೇಸ್ ಪುಸ್ತಕ
ಇದಕ್ಕೇ ಹೇಳಿದ್ದು ಎರಡು ಜೇಬು ಅಂತ. ಕೊನೆಯ ರೇಸ್‌ನಲ್ಲಿ ಕುದುರೆಗೆ ಕಟ್ಟುವುದಿಲ್ಲಪ್ಪಾ, ಬೆಳಗ್ಗೆ ಹೋದ ದುಡ್ಡಿಗೆ ಕಟ್ಟುತ್ತೇವೆ.

ಕೋರಮಂಗಲ ಕೋಡರ್
ಅಂದರೆ ಕೊನೆಯ ಎರಡು ರೇಸ್ ಬಿಟ್ಟರೆ ನೀವು 1,600 ಲಾಭದಲ್ಲಿದ್ದೀರಿ! 17,600ಕ್ಕೆ 9% ಮೇಲೆ. ಇದು ತುಂಬಾ ಚೆನ್ನಾಗಿದೆ ಸರ್. ಹಾಗಿದ್ದರೆ ನಾಲ್ಕು ಗಂಟೆಗೆ ಮನೆಗೆ ಹೊರಡಿ, ಗೆಲ್ಲುತ್ತೀರಿ.

ಲೆಕ್ಕದ ಮೇಷ್ಟ್ರು
ನಿಲ್ಲಿ, ನಿಲ್ಲಿ. ಇಷ್ಟು ಬೇಗ ಹಬ್ಬ ಬೇಡ. ಪಂಟರ್ ಸರ್, ಆ 43ರಲ್ಲಿ ನಿಮಗೆ ಬಂದ ಅತಿ ದೊಡ್ಡ ಟಿಕೆಟ್ ಯಾವುದು?

ಭಾನುವಾರದ ಪಂಟರ್
ಒಂದು 8/1 ಕುದುರೆ. 500ರ ಟಿಕೆಟ್, ತೆರಿಗೆ ಸೇರಿ 700 ಕೊಟ್ಟಿದ್ದೆ. 4,500 ಬಂತು. ಆ ದಿನ ಮನೆಗೆ ಸ್ವೀಟ್ ತಗೊಂಡು ಹೋಗಿದ್ದೆ. ಅದು ಚೆನ್ನಾಗಿ ನೆನಪಿದೆ.

ಲೆಕ್ಕದ ಮೇಷ್ಟ್ರು
ಅದೊಂದನ್ನು ತೆಗೆಯಿರಿ. ಕಟ್ಟಿದ್ದು 16,900, ಬಂದದ್ದು 14,700. ಈಗ 2,200 ನಷ್ಟ. ಒಂದೇ ಒಂದು ಟಿಕೆಟ್ ಲಾಭವನ್ನು ನಷ್ಟ ಮಾಡುತ್ತದೆ ಅಂದರೆ ಅಷ್ಟು ಸಣ್ಣ ಲೆಕ್ಕದಿಂದ ತೀರ್ಮಾನಕ್ಕೆ ಬರಬಾರದು ಅಂತ ಅರ್ಥ.

ಸ್ವಲ್ಪ ಗಣಿತ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸರಾಸರಿ 3/1 ಆಡ್ಸ್‌ನಲ್ಲಿ ಒಂದೇ ಅಳತೆಯ ಬಾಜಿ ಕಟ್ಟುವವರಿಗೆ ಬರೀ ಅದೃಷ್ಟದ ಏರಿಳಿತ ಎಷ್ಟು? 64 ಬಾಜಿಗೆ ಸುಮಾರು 22% ಮೇಲೆ, 22% ಕೆಳಗೆ. ಇದು ದೊಡ್ಡ ವಿಚಿತ್ರವೇನಲ್ಲ, ದಿನಾ ಆಗುವಂಥದ್ದು. 1,000 ಬಾಜಿ ಆದಾಗ ಅದು 5.5%ಗೆ ಇಳಿಯುತ್ತದೆ. ನಿಮ್ಮ ಇಡೀ ಸೀಸನ್‌ನ 20% ನಷ್ಟವೂ ಈ ಏರಿಳಿತದ ಒಳಗೇ ಬರುತ್ತದೆ. ಇದರಿಂದ ನಿಮಗೆ ಕುದುರೆ ಆರಿಸಲು ಬರುತ್ತದೆ ಅಂತಲೂ ಹೇಳಲಾಗುವುದಿಲ್ಲ, ಬರುವುದಿಲ್ಲ ಅಂತಲೂ ಹೇಳಲಾಗುವುದಿಲ್ಲ.

ಹಾಗಾದರೆ ಪುಸ್ತಕ ಯಾಕೆ ಬೇಕು? ಗೆಲುವು ಸೋಲು ತಿಳಿಯಲು ಸಾವಿರ ಬಾಜಿ ಬೇಕು. ಆದರೆ ನೀವು ಎಷ್ಟು ಕಟ್ಟುತ್ತೀರಿ, ಯಾವಾಗ ಜಾಸ್ತಿ ಕಟ್ಟುತ್ತೀರಿ ಅನ್ನುವುದು ತಿಳಿಯಲು ಒಂದೇ ದಿನ ಸಾಕು. 409 ಮತ್ತು 657, ಇದರಲ್ಲಿ ಅದೃಷ್ಟದ ಪಾತ್ರ ಇಲ್ಲ. ಅದು ನಿಮ್ಮ ಕೈ ಮಾಡಿದ್ದು. ಕೈ ಮಾಡಿದ್ದನ್ನು ಕೈಯೇ ಬದಲಿಸಬಹುದು.

ಬಿಸಿಬೇಳೆ
ಇಡೀ ಚರ್ಚೆಗೆ ಇದೊಂದು ಪ್ಯಾರಾ ಸಾಕು ಮೇಷ್ಟ್ರೇ.

ಎರಡನೇ ಗೇಟ್
ಇಷ್ಟೆಲ್ಲ ಲೆಕ್ಕ ಹಾಕುತ್ತಾ ಕೂತರೆ ರೇಸ್‌ನ ಮಜಾ ಎಲ್ಲಿ ಉಳಿಯಿತು? ಸಿನಿಮಾಗೆ ಹೋಗಿ ಬಂದು ಲಾಭ ನಷ್ಟ ಬರೆಯುತ್ತೇವಾ?

ಚಾಮುಂಡಿ ಬೆಟ್ಟದ ಕೆಳಗೆ
ಸಿನಿಮಾ ಟಿಕೆಟ್ ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ ಅಣ್ಣ. ಇಂಟರ್ವಲ್ ಆದ ಮೇಲೆ ಇನ್ನೊಂದು ಟಿಕೆಟ್ ತಗೊಳ್ಳಿ ಅಂತ ಮನಸ್ಸು ಹೇಳುವುದಿಲ್ಲ.

ನಾನು ಮೈಸೂರಿನವನು. ನಮ್ಮ ಕೋರ್ಸ್‌ನಲ್ಲಿ ನಿಂತರೆ ಎದುರಿಗೇ ಬೆಟ್ಟ. ನಾನು ಬುಕ್ಕಿ ಹತ್ತಿರ ಹೋಗುವುದಿಲ್ಲ, ಜಾಕ್‌ಪಾಟ್ ಮಾತ್ರ. ಐದು ರೇಸ್‌ನ ವಿನ್ನರ್ ಹೇಳಬೇಕು. ಇಲ್ಲಿ ಅಳತೆ ತಪ್ಪುವುದು ಬೇರೆ ರೀತಿ. ಒಂದು ರೇಸ್‌ಗೆ ಮೂರು ಕುದುರೆ, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ನಾಲ್ಕು, ಒಂದರಲ್ಲಿ ಬ್ಯಾಂಕರ್ (ಗೆಲ್ಲುವುದು ಖಚಿತ ಅಂತ ನಂಬಿದ ಕುದುರೆ) ಒಂದೇ, ಕೊನೆಗೆ ಮೂರು. ಗುಣಿಸಿದರೆ 72 ಕಾಂಬಿನೇಷನ್. ಒಂದಕ್ಕೆ 10 ರೂಪಾಯಿ ಅಂದರೂ 720. "ಯಾವುದಕ್ಕೂ ಇರಲಿ" ಅಂತ ಎರಡು ಇದ್ದಲ್ಲಿ ಮೂರು ಮಾಡಿದರೆ 108, ಅಂದರೆ 1,080. ಒಂದು ಕುದುರೆ ಸೇರಿಸಿದ್ದು ಅಷ್ಟೇ, 360 ರೂಪಾಯಿ ಏರಿತು. ಕೌಂಟರ್‌ನಲ್ಲಿ ನಿಂತಾಗ ಇದು ಕಾಣುವುದೇ ಇಲ್ಲ. ಈಗ ಮನೆಯಿಂದಲೇ ಚೀಟಿ ಬರೆದುಕೊಂಡು ಹೋಗುತ್ತೇನೆ. ಕೌಂಟರ್ ಹತ್ತಿರ ಪೆನ್ನು ತೆಗೆಯುವುದಿಲ್ಲ.

ಬಸವನಗುಡಿ ಆಡಿಟರ್
ಕೋಡರ್ ಅವರ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ. ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ತೆರಿಗೆ ಎಲ್ಲಿ?

2023ರ ಅಕ್ಟೋಬರ್ 1ರಿಂದ ಬಾಜಿಯ ಪೂರ್ತಿ ಮೊತ್ತದ ಮೇಲೆ 28% ಜಿಎಸ್‌ಟಿ ಅಂತ ಗಟ್ಟಿ ಮಾಡಿದರು. 2025ರ ಸೆಪ್ಟೆಂಬರ್ 22ರಿಂದ ಅದು 40%. ಪಂಟರ್ ಅವರೇ ಹೇಳಿದ್ದಾರೆ, 500ರ ಟಿಕೆಟ್‌ಗೆ 700 ಕೊಟ್ಟೆ ಅಂತ. 3/1 ಕುದುರೆಗೆ 100ರ ಟಿಕೆಟ್ ತಗೊಂಡರೆ ಕೈಯಿಂದ ಹೋಗುವುದು 140. ಗೆದ್ದರೆ ಬರುವುದು 400. ಲಾಭ 300 ಅಲ್ಲ, 260. ತೆರಿಗೆ ಇಲ್ಲದಿದ್ದರೆ ನಾಲ್ಕಕ್ಕೆ ಒಂದು ಗೆದ್ದರೆ ಸಮ. ಈಗ 35% ಗೆಲ್ಲಬೇಕು. ಸಮ ಆಡ್ಸ್‌ನ ಫೇವರಿಟ್‌ಗೆ ಕಟ್ಟುವವರ ಪಾಡು ಇನ್ನೂ ಕಷ್ಟ. 140 ಕೊಟ್ಟು 200 ಪಡೆಯುತ್ತೀರಿ. ಹತ್ತಕ್ಕೆ ಏಳು ಗೆದ್ದರೆ ಮಾತ್ರ ಸಮ.

ಇದು ಬುಕ್ಕಿಯ ಪಾಲು ಬಿಟ್ಟು. ಐದು ಕುದುರೆಯ ರೇಸ್ ಅಂದುಕೊಳ್ಳಿ. ರೇಟ್ ಸಮ, 2/1, 4/1, 8/1, 10/1. ರೇಟ್ ಪ್ರಕಾರ ಪ್ರತಿಯೊಂದರ ಚಾನ್ಸ್ ಕೂಡಿಸಿ (2/1 ಅಂದರೆ ಮೂರಕ್ಕೆ ಒಂದು, 33.3%). 50, 33.3, 20, 11.1, 9.1. ಒಟ್ಟು 123.5. ನೂರು ಇರಬೇಕಾದ ಕಡೆ 123.5 ಇದೆ. ಆ ಹೆಚ್ಚಿನದ್ದೇ ಬುಕ್ಕಿಯ ಅಂತರ. ಅದರ ಮೇಲೆ ತೆರಿಗೆ.

ಕೋರಮಂಗಲ ಕೋಡರ್
ಆಡಿಟರ್ ಸರ್ ಹೇಳಿದ್ದು ಸರಿ. ಈಗ ತೆರಿಗೆ ಸೇರಿಸಿ ಮತ್ತೆ ಹಾಕಿದೆ. 140 ಕೊಟ್ಟು 260 ಲಾಭ ಅಂದರೆ ನಿಜವಾದ ಆಡ್ಸ್ 1.86. ನನ್ನ 30% ಚಾನ್ಸ್‌ಗೆ 0.30 ಸಲ 1.86 ಅಂದರೆ 0.56. ಅದರಿಂದ 0.70 ಕಳೆದರೆ ಸೊನ್ನೆಗಿಂತ ಕೆಳಗೆ. ಕೆಲ್ಲಿ ಸೂತ್ರದ ಉತ್ತರ ಈಗ ಒಂದೇ. ಕಟ್ಟಬೇಡ.

ಎರಡು ವರ್ಷದಿಂದ ಪ್ರೋಗ್ರಾಮ್‌ನಲ್ಲಿ ತೆರಿಗೆಯ ಕಾಲಂ ಇರಲಿಲ್ಲ. ನಿನ್ನೆ ರಾತ್ರಿ ಹಾಕಿ ಹಳೆಯ ಪಟ್ಟಿಯನ್ನೆಲ್ಲ ಮತ್ತೆ ಓಡಿಸಿದೆ. ಹತ್ತು ಬಾಜಿಯಲ್ಲಿ ಒಂದು ಎರಡು ಮಾತ್ರ ಉಳಿದವು. ಮನಸ್ಸಿಗೆ ತುಂಬಾ ಬೇಜಾರಾಯಿತು. ಆದರೆ ಗೊತ್ತಾಗಿದ್ದು ಒಳ್ಳೆಯದಾಯಿತು.

ಲೆಕ್ಕದ ಮೇಷ್ಟ್ರು
ಇದನ್ನು ಇಲ್ಲಿ ಬರೆದಿರಲ್ಲ, ನಿಮಗೆ ನಮಸ್ಕಾರ. ಹಾಗೆ ನೋಡಿದರೆ ಕೆಲ್ಲಿ ಸೂತ್ರದ ಬಗ್ಗೆ ನನ್ನ ತಕರಾರೂ ಇಷ್ಟೇ. ಸೂತ್ರ ತಪ್ಪಲ್ಲ. ನಾವು ಅದಕ್ಕೆ ಕೊಡುವ ಅಂದಾಜು ತಪ್ಪು. 25% ಇರುವುದನ್ನು 30% ಅಂದುಕೊಂಡರೆ ಅದು ಕೈ ಹಿಡಿದು ಗುಂಡಿಗೆ ಕರೆದುಕೊಂಡು ಹೋಗುತ್ತದೆ. ಬಳಸುವವರೂ ಅದಕ್ಕೇ ಅರ್ಧ ಕೆಲ್ಲಿ, ಕಾಲು ಕೆಲ್ಲಿ ಅಂತ ಇಳಿಸಿಕೊಳ್ಳುತ್ತಾರೆ.

ನಮ್ಮಂಥವರಿಗೆ ಒಂದೇ ಅಳತೆ ಸಾಕು. ವರ್ಷಕ್ಕೆ ಹೋದರೂ ಸರಿ ಅನ್ನುವ ಒಂದು ಮೊತ್ತ ಬೇರೆ ಇಡಿ. ಅದರ 1% ಒಂದು ಯೂನಿಟ್. 20,000 ಇದ್ದರೆ 200. ಪ್ರತಿ ಬಾಜಿಗೂ ಒಂದು ಯೂನಿಟ್. ಎಂಥಾ ಟಿಪ್ ಬಂದರೂ ಒಂದೇ. ಮೊದಲ ರೇಸ್‌ಗೂ ಅದೇ, ಕೊನೆಯ ರೇಸ್‌ಗೂ ಅದೇ.

ಕೋರಮಂಗಲ ಕೋಡರ್
ಒಂದನ್ನು ಒಪ್ಪುವುದಿಲ್ಲ ಮೇಷ್ಟ್ರೇ. ಸಮ ಆಡ್ಸ್‌ಗೂ 200, 10/1ಗೂ 200 ಅಂದರೆ ಅಪಾಯ ಒಂದೇ ಆಗುವುದಿಲ್ಲ. ದೊಡ್ಡ ಆಡ್ಸ್‌ಗೆ ಕಮ್ಮಿ ಕಟ್ಟಬೇಕು. ಅದಾದರೂ ಕೆಲ್ಲಿಯಿಂದ ಉಳಿಸಿಕೊಳ್ಳೋಣ.

ಲೆಕ್ಕದ ಮೇಷ್ಟ್ರು
ಒಪ್ಪಿದೆ. 5/1 ದಾಟಿದರೆ ಅರ್ಧ ಯೂನಿಟ್ ಅಂತ ಇಟ್ಟುಕೊಳ್ಳಬಹುದು. ನಿಯಮ ಮನೆಯಲ್ಲೇ ಮಾಡಿರಬೇಕು. ರಿಂಗ್‌ನಲ್ಲಿ (ಬುಕ್ಕಿಗಳು ಇರುವ ಜಾಗ) ನಿಂತು ಮಾಡಬಾರದು, ಅಷ್ಟೇ.

ಎರಡನೇ ಗೇಟ್
ಹೊರಗಡೆ ಫೋನ್‌ನಲ್ಲಿ ಬಾಜಿ ತಗೊಳ್ಳುವವರು ಇದ್ದಾರಲ್ಲ, ಅಲ್ಲಿ ತೆರಿಗೆಯ ತಂಟೆಯೇ ಇಲ್ಲ.

ಬಸವನಗುಡಿ ಆಡಿಟರ್
ಅದು ಕಾನೂನಿಗೆ ವಿರುದ್ಧ. ಟಿಕೆಟ್ ಇರುವುದಿಲ್ಲ, ಗೆದ್ದರೆ ಕೊಡುತ್ತಾರೆ ಅನ್ನುವ ಖಾತ್ರಿ ಇರುವುದಿಲ್ಲ, ಕೇಳಲು ಹೋಗುವ ಜಾಗವೂ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕೆಡುಕು ಉದ್ರಿ. ಜೇಬಲ್ಲಿ ಇಲ್ಲದ ದುಡ್ಡನ್ನೂ ಕಟ್ಟಬಹುದು. ಆನ್‌ಲೈನ್ ದುಡ್ಡಿನ ಆಟಗಳನ್ನು 2025ರಲ್ಲಿ ಸಂಸತ್ತೇ ಕಾನೂನು ಮಾಡಿ ನಿಲ್ಲಿಸಿತು. ಕೋರ್ಸ್‌ನಲ್ಲಿ ಕಟ್ಟುವ ರೇಸ್ ಬಾಜಿ ಜೂಜಿನ ಕಾನೂನಿನಿಂದ ಹೊರಗೆ ಉಳಿದಿರುವುದು 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೌಶಲದ ಆಟ ಅಂತ ಹೇಳಿದ್ದರಿಂದ.

ಇನ್ನೊಂದು ಮಾತು. ಹತ್ತು ಸಾವಿರ ದಾಟಿದ ಗೆಲುವಿಗೆ 30% ಟಿಡಿಎಸ್ ಹಿಡಿಯುತ್ತಾರೆ. ಗೆಲುವಿನ ಮೇಲಿನ ಆದಾಯ ತೆರಿಗೆಯೂ 30%, ಮೇಲೆ ಸೆಸ್; ಹಿಡಿದ ಟಿಡಿಎಸ್ ಇದಕ್ಕೇ ಜಮಾ. ಸೋತ ಟಿಕೆಟ್‌ಗಳನ್ನು ಗೆದ್ದದ್ದರ ಎದುರು ಕಳೆಯಲು ಬಿಡುವುದಿಲ್ಲ. ಒಂದು ಟಿಕೆಟ್‌ನಲ್ಲಿ 15,000 ಗೆದ್ದು, ಬೇರೆಯವುಗಳಲ್ಲಿ 20,000 ಸೋತಿದ್ದರೂ ಆ 15,000ಕ್ಕೆ ತೆರಿಗೆ ಕಟ್ಟಲೇಬೇಕು. ಪುಸ್ತಕದಲ್ಲಿ ಇದಕ್ಕೂ ಒಂದು ಕಾಲಂ ಇರಲಿ.

ಬಿಸಿಬೇಳೆ
ಕೌಶಲದ ಆಟ ಅಂದ ಮೇಲೆ ಇದಕ್ಕೆ ಜೂಜು ಅನ್ನಬಾರದು ಅಲ್ವಾ?

ಹಳೇ ರೇಸ್ ಪುಸ್ತಕ
ಕುದುರೆ ಓಡಿಸುವವನಿಗೆ, ಸಾಕುವವನಿಗೆ, ತಯಾರು ಮಾಡುವವನಿಗೆ ಅದು ಕೌಶಲ. ಓದಿ, ನೋಡಿ, ಕಾದು ಕಟ್ಟುವವನಿಗೂ ಕೌಶಲವೇ. ಕೊನೆಯ ರೇಸ್‌ಗೆ ನಂಬರ್ ಬರೆಯದೆ ಕಟ್ಟಿದರೆ ಅದು ಜೂಜು. ಕೋರ್ಟು ಏನೇ ಹೇಳಲಿ, ನಾನು ಹೀಗೇ ತಿಳಿದಿರುವುದು.

ಕುಣಿಗಲ್ ಹೈದ
ಕುದುರೆ ಸಾಕುವ ಮಾತು ಬಂತು ಅಂತ ಹೇಳುತ್ತೇನೆ. ನಮ್ಮೂರ ಸ್ಟಡ್ ಫಾರ್ಮ್ ಟಿಪ್ಪು ಕಾಲದಿಂದ ಕುದುರೆ ಬೆಳೆಸಿದ ಜಾಗ. ಚಿಕ್ಕವನಿದ್ದಾಗ ಬೇಲಿ ಹೊರಗೆ ನಿಂತು ಮರಿಗಳು ತಾಯಿ ಪಕ್ಕ ಓಡುವುದನ್ನು ನೋಡುತ್ತಿದ್ದೆ. ಉದ್ದ ಕಾಲು, ನಿಲ್ಲಲು ಬರುವುದಿಲ್ಲ, ಓಡಲು ಬರುತ್ತದೆ. ಇವತ್ತಿಗೂ ಪ್ಯಾಡಾಕ್ (ರೇಸ್‌ಗೆ ಮೊದಲು ಕುದುರೆ ನಡೆಸಿ ತೋರಿಸುವ ಜಾಗ) ಪಕ್ಕ ನಿಂತು ಕುದುರೆ ನೋಡುವುದೇ ನನಗೆ ಜಾಸ್ತಿ ಇಷ್ಟ. ಬಾಜಿ ಕಟ್ಟುವುದು ದಿನಕ್ಕೆ ಒಂದು.

ಚಾಮುಂಡಿ ಬೆಟ್ಟದ ಕೆಳಗೆ
ಹೈದ, ಒಂದು ಸಲ ನಿಮ್ಮೂರಿನ ಬಗ್ಗೆ ಬೇರೆ ಚರ್ಚೆ ಶುರು ಮಾಡಿ. ಎಲ್ಲರೂ ಬರುತ್ತೇವೆ.

ಮೆಲ್ಬರ್ನ್ ಕನ್ನಡಿಗ
ಇಲ್ಲಿ ನವೆಂಬರ್ ಮೊದಲ ಮಂಗಳವಾರ ಮೆಲ್ಬರ್ನ್ ಕಪ್‌ಗೆ ಊರಿಗೇ ರಜೆ. ಫೋನ್‌ನಲ್ಲಿ ಬಾಜಿ ಕಟ್ಟುವುದು ಇಲ್ಲಿ ಕಾನೂನಿನ ಒಳಗೇ ಇದೆ. ಹತ್ತು ಡಾಲರ್, ಇಪ್ಪತ್ತು ಡಾಲರ್ ಅಂತ ನಾನೂ ಕಟ್ಟುತ್ತಿದ್ದೆ.

2022ರಿಂದ ಇಲ್ಲಿ ಒಂದು ನಿಯಮ ಬಂತು. ಆನ್‌ಲೈನ್ ಬುಕ್ಕಿಗಳು ಪ್ರತಿ ತಿಂಗಳೂ ಗಿರಾಕಿಗೆ ಲೆಕ್ಕದ ಪತ್ರ ಕಳಿಸಬೇಕು. ಎಷ್ಟು ಕಟ್ಟಿದೆ, ಎಷ್ಟು ಗೆದ್ದೆ, ಎಷ್ಟು ಸೋತೆ, ಎಲ್ಲ ಒಂದೇ ಕಡೆ. ಮೊದಲನೇ ಪತ್ರ ಬಂದಾಗ ಟ್ರಾಮ್‌ನಲ್ಲಿದ್ದೆ. ತೆರೆದು ನೋಡಿದೆ. ನನ್ನ ಲೆಕ್ಕದಲ್ಲಿ ಎಂಬತ್ತು ಡಾಲರ್ ಹೋಗಿರಬೇಕಿತ್ತು. ಪತ್ರದಲ್ಲಿ 430 ಅಂತ ಇತ್ತು. ಇಳಿಯಬೇಕಾದ ಸ್ಟಾಪ್ ದಾಟಿ ಹೋಗಿತ್ತು. ಸಣ್ಣ ಸಣ್ಣ ಬಾಜಿಗಳು ನೆನಪಲ್ಲೇ ಉಳಿದಿರಲಿಲ್ಲ.

ಲೆಕ್ಕಕ್ಕೆ ಒಂದು ಕಾಲಂ ಸೇರಿಸಿ ಅಂತ ಹೇಳಲು ಬಂದೆ. ನೀವು ತಗೊಂಡ ರೇಟ್, ಮತ್ತೆ ರೇಸ್ ಬಿಡುವ ಹೊತ್ತಿನ ಕೊನೆಯ ರೇಟ್. 4/1ಕ್ಕೆ ತಗೊಂಡ ಕುದುರೆ ಕೊನೆಗೆ 3/1 ಆಗಿದ್ದರೆ (ನಿಮ್ಮ ನಂತರ ಬೇರೆಯವರೂ ಅದಕ್ಕೇ ಕಟ್ಟಿ ರೇಟ್ ಇಳಿದಿದ್ದರೆ) ನಿಮ್ಮ ಕಣ್ಣು ಸರಿಯಾಗಿದೆ ಅಂತ, ಆ ಕುದುರೆ ಸೋತರೂ ಸಹ. ಯಾವಾಗಲೂ 4/1 ತಗೊಂಡದ್ದು 6/1 ಆಗುತ್ತಿದ್ದರೆ ನಿಮಗಿಂತ ಜಾಸ್ತಿ ಗೊತ್ತಿರುವವರು ಬೇರೆ ಕಡೆ ಇದ್ದಾರೆ. ಮೇಷ್ಟ್ರು ಹೇಳಿದ ಸಾವಿರ ಬಾಜಿಗೆ ಕಾಯದೆ ಬೇಗ ಸುಳಿವು ಕೊಡುವುದು ಇದೊಂದೇ.

ಲೆಕ್ಕದ ಮೇಷ್ಟ್ರು
ಅದ್ಭುತ ಮಾತು. ಇದು ನನಗೇ ಹೊಳೆದಿರಲಿಲ್ಲ. ನಮ್ಮ ರಿಂಗ್‌ನಲ್ಲೂ ಬೋರ್ಡ್ ನೋಡಿ ಕೊನೆಯ ರೇಟ್ ಬರೆದುಕೊಳ್ಳಬಹುದು.

ತುಮಕೂರು ಅಕ್ಕ
ಆಗ ಬರೆಯಲು ಆಗಲಿಲ್ಲ, ಈಗ ಬರೆಯುತ್ತೇನೆ. ನನ್ನ ತಮ್ಮನದು ರೇಸ್ ಅಲ್ಲ, ಕ್ರಿಕೆಟ್. ಐಪಿಎಲ್ ಬಂದರೆ ರಾತ್ರಿ ನಿದ್ದೆ ಇಲ್ಲ. ಅವನೂ ಲೆಕ್ಕ ಬರೆಯುತ್ತಿದ್ದ. ಒಂದು ಕಿಂಗ್‌ಸೈಜ್ ನೋಟ್‌ಬುಕ್. ಆಮೇಲೆ ನೋಡಿದಾಗ ಗೊತ್ತಾಯಿತು, ಅದರಲ್ಲಿ ಇದ್ದದ್ದು ಬಾಜಿಯ ಲೆಕ್ಕ ಅಲ್ಲ. ಯಾರ ಹತ್ತಿರ ಎಷ್ಟು ಸಾಲ, ಯಾವ ತಾರೀಖು ಕೊಡಬೇಕು ಅನ್ನುವುದು. ಅಮ್ಮನ ಬಳೆ ಅಡವಿಟ್ಟದ್ದೂ ಅದರಲ್ಲೇ ಇತ್ತು.

ನೀವೆಲ್ಲ ಯೂನಿಟ್, ಶೇಕಡಾ ಅಂತ ಮಾತಾಡುತ್ತಿದ್ದೀರಿ. ತಪ್ಪಲ್ಲ. ಆದರೆ ಯಾರಾದರೂ ಸಾಲ ತಂದು ಕಟ್ಟುತ್ತಿದ್ದರೆ ಅವರಿಗೆ ಅಳತೆ ಹೇಳಿಕೊಡಬೇಡಿ. ಅವರಿಗೆ ಬೇಕಾದ್ದು ಬೇರೆ. ನಾವು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆವು. ಕನ್ನಡದಲ್ಲೇ ಮಾತಾಡಿದರು. ಮೊದಲ ಸಲ ನಾನೇ ಮಾತಾಡಿದ್ದು, ಅವನು ಪಕ್ಕದಲ್ಲಿ ಕೂತಿದ್ದ. ಈಗ ಎರಡು ವರ್ಷ ಆಯಿತು. ಸಾಲ ಇನ್ನೂ ತೀರಿಲ್ಲ, ಅವನು ಮಾತ್ರ ಚೆನ್ನಾಗಿದ್ದಾನೆ.

ಭಾನುವಾರದ ಪಂಟರ್
ಅಕ್ಕ, ನಿಮ್ಮ ತಮ್ಮ ಚೆನ್ನಾಗಿರಲಿ. ನೀವು ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ಸಾಲ ಮಾಡಿಲ್ಲ, ಮಾಡುವುದೂ ಇಲ್ಲ. ಆದರೂ ಈಗ ಪುಸ್ತಕ ಅವಳ ಹತ್ತಿರ ಇರುತ್ತದೆ. ಸಂಜೆ ಬಂದ ಮೇಲೆ ಇಬ್ಬರೂ ಕೂತು ಕೂಡಿಸುತ್ತೇವೆ.

ಎರಡನೇ ಗೇಟ್
ಅಕ್ಕ, ಫೋನ್‌ನಲ್ಲಿ ತಗೊಳ್ಳುವವರ ಮಾತು ಹೇಳಿದ್ದು ನಾನೇ. ಅದನ್ನು ವಾಪಸ್ ತಗೊಳ್ಳುತ್ತೇನೆ. ಸ್ನೇಹಿತನಿಗೂ ಇದನ್ನು ಕಳಿಸಿದ್ದೇನೆ. ಓದಿದ್ದಾನೆ, ಇನ್ನೂ ಉತ್ತರ ಬಂದಿಲ್ಲ.

ಹಳೇ ರೇಸ್ ಪುಸ್ತಕ
ಗೇಟ್ ಟಿಕೆಟ್, ಪೆಟ್ರೋಲ್ ಸೇರಿಸಬೇಕಾ ಅಂತ ಮೊದಲೇ ಕೇಳಿದ್ದರು. ಯಾರೂ ಹೇಳಲಿಲ್ಲ.

ಲೆಕ್ಕದ ಮೇಷ್ಟ್ರು
ಬರೆಯಿರಿ, ಆದರೆ ಬೇರೆ ಕಾಲಂನಲ್ಲಿ. ಬಾಜಿಯ ಜೊತೆ ಕೂಡಿಸಿದರೆ ನಿಮ್ಮ ಆಯ್ಕೆ ಹೇಗಿದೆ ಅಂತ ತಿಳಿಯುವುದಿಲ್ಲ. ಬಿಟ್ಟರೆ ಮನೆಗೆ ನಿಜ ಹೇಳಿದ ಹಾಗೆ ಆಗುವುದಿಲ್ಲ. ನನ್ನ ಪ್ರಕಾರ ಒಂದು ಸಾಲಿಗೆ ಇಷ್ಟು ಸಾಕು: ತಾರೀಖು, ರೇಸ್ ನಂಬರ್, ಕುದುರೆ, ಟಿಕೆಟ್ ಮೊತ್ತ, ತೆರಿಗೆ ಸೇರಿ ಕೊಟ್ಟದ್ದು, ತಗೊಂಡ ರೇಟ್, ಕೊನೆಯ ರೇಟ್, ಬಂದದ್ದು, ಯಾಕೆ ಕಟ್ಟಿದೆ ಅಂತ ನಾಲ್ಕು ಪದ. "ಯಾಕೆ" ಮಾತ್ರ ರೇಸ್ ಬಿಡುವ ಮೊದಲೇ ಬರೆದಿರಬೇಕು. ಆಮೇಲೆ ಬರೆದರೆ ಮನಸ್ಸು ಕಥೆ ಕಟ್ಟುತ್ತದೆ.

ಭಾನುವಾರದ ಪಂಟರ್
ಇವತ್ತು ಹೋಗಿ ಬಂದೆ. ಏಳು ರೇಸ್, ಎರಡು ಬಾಜಿ. ಎರಡೂ 200ರ ಟಿಕೆಟ್, ತೆರಿಗೆ ಸೇರಿ 560. ಎರಡೂ ಸೋತವು. ಒಂದು 7/2ಕ್ಕೆ ತಗೊಂಡದ್ದು ಕೊನೆಗೆ 5/2 ಆಗಿತ್ತು, ಮೂರನೇದಾಗಿ ಬಂತು.

ಕೊನೆಯ ರೇಸ್ ಹೊತ್ತಿಗೆ ಜೇಬಲ್ಲಿ ಇನ್ನೂ 900 ಇತ್ತು. ಒಂದು ಫೇವರಿಟ್ ಮೇಲೆ ಎಲ್ಲರೂ ಮುಗಿಬಿದ್ದಿದ್ದರು. ಪುಸ್ತಕ ತೆಗೆದು "ಯಾಕೆ" ಕಾಲಂಗೆ ಪೆನ್ಸಿಲ್ ಇಟ್ಟೆ. ಬರೆಯಲು ಏನೂ ತೋಚಲಿಲ್ಲ. ರೇಲಿಂಗ್ ಹತ್ತಿರ ಹೋಗಿ ನಿಂತು ನೋಡಿದೆ.

ಲೆಕ್ಕದ ಮೇಷ್ಟ್ರು
ಎರಡನೇ ಕುದುರೆಯ ಕೊನೆಯ ರೇಟ್ ಎಷ್ಟಿತ್ತು?

ಭಾನುವಾರದ ಪಂಟರ್
ಅದನ್ನು ಬರೆದುಕೊಳ್ಳಲು ಮರೆತೆ ಮೇಷ್ಟ್ರೇ. ಮುಂದಿನ ವಾರದಿಂದ ಬರೆಯುತ್ತೇನೆ.